ಕ್ಯಾಲಿಫೋರ್ನಿಯಾ ಜೆಫಿರ್: ಚಿತ್ರ ಬರೆಯುವವರಿಗೆ ಒಂದು ರೈಲು

ಅಮೆರಿಕವನ್ನು ಅಡ್ಡಲಾಗಿ ದಾಟುತ್ತ ಚಿತ್ರ ಬರೆಯಬೇಕೆಂದು ಆಸೆಪಡುವವರಿಗೆ ಎಲ್ಲರೂ ಮೊದಲು ಕೊಡುವ ಸಲಹೆ ಕಾರನ್ನು ಬಾಡಿಗೆಗೆ ಹಿಡಿಯಿರಿ ಎಂಬುದು. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ನಾನೇ ಕಾರು ಓಡಿಸಿಕೊಂಡು ಹೋದ ಆ ಪ್ರವಾಸದಲ್ಲಿ ನನ್ನ ಪುಸ್ತಕ ತುಂಬಿದ್ದು ವಾಹನ ನಿಲ್ಲಿಸಲು ಜಾಗವಿದ್ದ ಕಡೆಗಳ ಚಿತ್ರಗಳಿಂದ ಮಾತ್ರ. ಆ ಜಾಗಗಳ ನಡುವೆ ಕಂಡ ದೇಶ, ಅಂದರೆ ನಿಜವಾದ ದೇಶ, ರಸ್ತೆಯ ಮೇಲೆ ಕಣ್ಣಿಟ್ಟು ಕೂತಿದ್ದ ನನಗೆ ದಕ್ಕಲೇ ಇಲ್ಲ. ಹೀಗಾಗಿ ಎರಡನೆಯ ಸಲ, ಒಂದು ಜೂನ್ ತಿಂಗಳಲ್ಲಿ, ಷಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಆಮ್‌ಟ್ರಾಕ್ ಸಂಸ್ಥೆಯ ಕ್ಯಾಲಿಫೋರ್ನಿಯಾ ಜೆಫಿರ್ ರೈಲನ್ನು ಹತ್ತಿದೆ. ಊಟ, ನಿದ್ರೆ, ಟಿಕೆಟ್ಟುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಈ ರೈಲನ್ನು ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ನು ಹಿಡಿದು ಕೂರುವವರ ದೃಷ್ಟಿಯಿಂದ ಮಾತ್ರ ವಿಮರ್ಶಿಸುತ್ತೇನೆ.

ಷಿಕಾಗೋದ ಯೂನಿಯನ್ ಸ್ಟೇಷನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋದ ಎದುರು ದಡದಲ್ಲಿರುವ ಎಮೆರಿವಿಲ್‌ವರೆಗೆ ಈ ರೈಲಿನ ದಾರಿ 2,438 ಮೈಲಿ, ಅಂದರೆ ಸುಮಾರು 3,920 ಕಿಲೋಮೀಟರು. ಇಲಿನಾಯ್, ಅಯೋವಾ, ನೆಬ್ರಾಸ್ಕಾ, ಕೊಲೊರಾಡೋ, ಯೂಟಾ, ನೆವಾಡಾ, ಕ್ಯಾಲಿಫೋರ್ನಿಯಾ ಎಂಬ ಏಳು ರಾಜ್ಯಗಳನ್ನು ಅದು ಎರಡು ರಾತ್ರಿ, ಎರಡು ಪೂರ್ಣ ಹಗಲು ಮತ್ತು ಒಂದು ಮಧ್ಯಾಹ್ನದಲ್ಲಿ ದಾಟುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹೊರಡುವ ಈ ವೇಳಾಪಟ್ಟಿಯಲ್ಲಿ ಚಿತ್ರಕಾರರಿಗೆ ಅನುಕೂಲವಾದ ಒಂದು ಸಂಗತಿಯಿದೆ: ರಾಕಿ ಪರ್ವತಗಳೂ ಸಿಯೆರಾ ನೆವಾಡಾ ಪರ್ವತಗಳೂ ಹಗಲಿನಲ್ಲೇ ಬರುತ್ತವೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ನೆಬ್ರಾಸ್ಕಾದ ಬಯಲು, ಸಾಲ್ಟ್ ಲೇಕ್ ಸಿಟಿಯ ಸುತ್ತಲ ನೆಲ ಮತ್ತು ನೆವಾಡಾದ ಮರುಭೂಮಿಯ ಬಹುಪಾಲು ಕತ್ತಲಲ್ಲಿ ಸಂದುಹೋಗುತ್ತವೆ. ಬಯಲನ್ನೇ ಬರೆಯಬೇಕೆಂದಿರುವವರಿಗೆ ಈ ರೈಲು ಸಲ್ಲದು.

ಈ ರೈಲಿನ ಜೀವ ಇರುವುದು ಸೈಟ್‌ಸೀಯರ್ ಲೌಂಜ್ ಎಂಬ ವೀಕ್ಷಣಾ ಬೋಗಿಯಲ್ಲಿ. ಎರಡಂತಸ್ತಿನ ಸೂಪರ್‌ಲೈನರ್ ಬೋಗಿಗಳ ನಡುವೆ ಜೋಡಿಸಿರುವ ಇದರ ಮೇಲಂತಸ್ತಿನಲ್ಲಿ ಗಾಜು ಗೋಡೆಯಿಂದ ಬಾಗಿ ಚಾವಣಿಯವರೆಗೂ ಏರುತ್ತದೆ; ಆಸನಗಳನ್ನು ಸಾಗುವ ದಿಕ್ಕಿಗಲ್ಲದೆ ಕಿಟಕಿಗೆ ಮುಖಮಾಡಿ ಹಾಕಿದ್ದಾರೆ. ಚಿತ್ರ ಬರೆಯುವವರಿಗೆ ಇದರ ಬೆಲೆ ಗೊತ್ತು. ಮಾಮೂಲಿ ಆಸನದಲ್ಲಿ ಕುತ್ತಿಗೆ ತಿರುಗಿಸಿ ನೋಡಿ, ಮತ್ತೆ ಪುಟಕ್ಕೆ ತಿರುಗಿ ಬರೆಯುವಷ್ಟರಲ್ಲಿ ಕಂಡದ್ದು ಅರ್ಧ ಮರೆತಿರುತ್ತದೆ. ಇಲ್ಲಿ ರೆಪ್ಪೆ ಎತ್ತಿದರೆ ಬೆಟ್ಟ, ಇಳಿಸಿದರೆ ಕಾಗದ. ಆಸನಗಳು ಯಾರಿಗೂ ಮೀಸಲಲ್ಲ. ಟಿಕೆಟ್ಟು ಯಾವ ದರ್ಜೆಯದಾದರೂ ಬಂದು ಕೂರಬಹುದು. ಆದರೆ ಡೆನ್ವರ್ ದಾಟಿದ ಮೇಲೆ ಇಡೀ ರೈಲೇ ಇಲ್ಲಿಗೆ ಬರುತ್ತದೆ; ಬೆಳಿಗ್ಗೆ ಏಳರೊಳಗೆ ಜಾಗ ಹಿಡಿಯಬೇಕು, ಒಂದೆರಡು ಗಂಟೆ ಬರೆದ ಮೇಲೆ ಬೇರೆಯವರಿಗೂ ಬಿಟ್ಟುಕೊಡಬೇಕು.

ಇಂಥ ಗಾಜಿನ ಬೋಗಿಯ ಕಲ್ಪನೆ ಹುಟ್ಟಿದ್ದೇ ಈ ದಾರಿಯಲ್ಲಿ ಎಂಬುದನ್ನು ಇಲ್ಲಿ ನೆನೆಯಲೇಬೇಕು. 1944ರಲ್ಲಿ ಜನರಲ್ ಮೋಟರ್ಸ್‌ನ ಎಂಜಿನ್ ವಿಭಾಗದ ಮುಖ್ಯಸ್ಥರಾಗಿದ್ದ ಸೈರಸ್ ಆಸ್ಬರ್ನ್ ಅವರು ಕೊಲೊರಾಡೋದ ಗ್ಲೆನ್‌ವುಡ್ ಕಣಿವೆಯಲ್ಲಿ ಡೀಸೆಲ್ ಎಂಜಿನ್ನಿನ ಕೋಣೆಯಲ್ಲಿ ಕೂತು ಸಾಗುತ್ತಿದ್ದಾಗ, ಚಾಲಕನಿಗೆ ಕಾಣುವ ಈ ನೋಟ ಪ್ರಯಾಣಿಕರಿಗೂ ಏಕೆ ಸಿಗಬಾರದು ಎಂದು ಯೋಚಿಸಿದರು. ಆ ಯೋಚನೆಯಿಂದ ಹುಟ್ಟಿದ ಗಾಜಿನ ಗುಮ್ಮಟದ ಬೋಗಿಗಳನ್ನು ಇಟ್ಟುಕೊಂಡು ಮೊದಲ ಕ್ಯಾಲಿಫೋರ್ನಿಯಾ ಜೆಫಿರ್ 1949ರಿಂದ 1970ರವರೆಗೆ ಓಡಿತು. 1983ರಲ್ಲಿ ಆಮ್‌ಟ್ರಾಕ್ ಅದೇ ಹೆಸರನ್ನು ಮತ್ತೆ ತಂದಿತು. ನೋಡುವುದಕ್ಕೆಂದೇ ಕಟ್ಟಿದ ರೈಲು ಇದು ಎಂಬುದು ಒಳಗೆ ಕೂತ ಅರ್ಧ ಗಂಟೆಯಲ್ಲೇ ಮನವರಿಕೆಯಾಗುತ್ತದೆ.

ಚಲಿಸುವ ಕಿಟಕಿಯಿಂದ ಬರೆಯುವುದಕ್ಕೆ ತನ್ನದೇ ಒಂದು ವ್ಯಾಕರಣವಿದೆ, ಅದನ್ನು ಈ ರೈಲು ಮೊದಲ ಮಧ್ಯಾಹ್ನವೇ ಕಲಿಸುತ್ತದೆ. ಹಳಿಯ ಪಕ್ಕದ ಕಂಬ ಕಣ್ಣಿಗೆ ಬೀಳುವ ಮೊದಲೇ ಹೋಗಿರುತ್ತದೆ. ನಡು ದೂರದ ಮನೆ ಅರ್ಧ ನಿಮಿಷ ನಿಲ್ಲುತ್ತದೆ. ದಿಗಂತದ ಬೆಟ್ಟಸಾಲು ಇಪ್ಪತ್ತು ನಿಮಿಷವಾದರೂ ಜೊತೆಗೇ ಬರುತ್ತದೆ. ಆದ್ದರಿಂದ ದೂರದ್ದನ್ನು ಮೊದಲು, ಆತುರವಿಲ್ಲದೆ ಬರೆಯಬೇಕು. ನಡುವಿನದನ್ನು ಒಂದೇ ನೋಟದಲ್ಲಿ ಹಿಡಿದು ನೆನಪಿನಿಂದ ಇಳಿಸಬೇಕು. ಹತ್ತಿರದ್ದನ್ನು ಕುಂಚದ ಒಂದು ಎಳೆತಕ್ಕೆ ಬಿಟ್ಟುಬಿಡಬೇಕು. ನಿಂತ ಜಾಗದಲ್ಲಿ ಬರೆಯುವಾಗ ನಾವು ಸಾಮಾನ್ಯವಾಗಿ ಕಾಲಬುಡದ ಕಲ್ಲು, ಹುಲ್ಲುಗಳಿಗೇ ಸಿಕ್ಕಿಬೀಳುತ್ತೇವೆ. ರೈಲು ಆ ಅವಕಾಶವನ್ನೇ ಕೊಡುವುದಿಲ್ಲ. ನನ್ನ ಚಿತ್ರಗಳಲ್ಲಿ ದೂರ ಎಂಬುದು ನಿಜವಾಗಿ ದೂರವಾಗಿ ಕಾಣಿಸಿದ್ದು ಈ ಪ್ರಯಾಣದಲ್ಲೇ ಮೊದಲು, ಈ ರೈಲನ್ನು ನಾನು ಇಷ್ಟು ಮನಸಾರೆ ಹೊಗಳುವುದಕ್ಕೆ ಅದೇ ಕಾರಣ.

ಅಯೋವಾದಲ್ಲಿ ಇನ್ನೊಂದು ಉಪಾಯ ಹೊಳೆಯಿತು. ಬರ್ಲಿಂಗ್ಟನ್ ಊರಿನ ಬಳಿ ಮಿಸಿಸಿಪಿ ನದಿಯನ್ನು ದಾಟುವಾಗ, ಒಂದೇ ಗೋಪುರದಿಂದ ಎರಡೂ ಕಡೆಗೆ ತಂತಿಗಳು ಇಳಿಬಿದ್ದ ರಸ್ತೆ ಸೇತುವೆಯನ್ನು ಗೀಚಲು ಎರಡು ನಿಮಿಷವೂ ಸಿಗಲಿಲ್ಲ. ಆದರೆ ಆಮೇಲೆ ಊರಿಗೊಂದರಂತೆ ಬರತೊಡಗಿದ ಧಾನ್ಯದ ಎತ್ತರದ ಕಣಜಗಳು ಒಂದೇ ಬಗೆಯವು. ಮೊದಲನೆಯದರಲ್ಲಿ ಸಿಲಿಂಡರಿನ ಆಕಾರ, ಎರಡನೆಯದರಲ್ಲಿ ನೆರಳು, ಮೂರನೆಯದರಲ್ಲಿ ಮೇಲಿನ ಕೊಳವೆಗಳು ಎಂದು ಹತ್ತು ಊರುಗಳ ಕಣಜಗಳಿಂದ ಒಂದು ಕಣಜವನ್ನು ಬರೆದೆ. ಪಕ್ಕದಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು, ಕೊನೆಗೆ ಬೆರಳಿಟ್ಟು ತೋರಿಸಿದರು: ನಾನು ಕಣಜಗಳನ್ನು ಬರೆದಿದ್ದೆ, ಅವುಗಳ ತಲೆಯ ಮೇಲೆ ಎದ್ದು ನಿಲ್ಲುವ ಸಣ್ಣ ಗೋಪುರವನ್ನು ಬಿಟ್ಟಿದ್ದೆ. ಪಟ್ಟಿಗೆ ಕಟ್ಟಿದ ಸಣ್ಣ ಬಕೆಟ್ಟುಗಳು ಧಾನ್ಯವನ್ನು ನೆಲದಿಂದ ಮೇಲಕ್ಕೆ ಹೊತ್ತೊಯ್ದು ಸುರಿಯುವುದು ಅಲ್ಲಿಂದ. "ಅದಿಲ್ಲದಿದ್ದರೆ ಕಾಳು ಮೇಲೆ ಹೋಗುವುದು ಹೇಗೆ ಹೇಳಿ?" ಎಂದು ಅವರು ಕೇಳಿದರು. ಮುಂದಿನ ಊರಿನ ಕಣಜ ಬರುವವರೆಗೆ ಇಬ್ಬರೂ ಕಿಟಕಿಗೆ ಮುಖವಿಟ್ಟು ಕಾದೆವು. ಗೋಪುರ ಬಂತು, ಬರೆದೆ, ಅವರು ತಲೆಯಾಡಿಸಿದರು. ಕಾರಿನಲ್ಲಿ ಹೋಗಿದ್ದರೆ ಆ ಚಿತ್ರ ತಪ್ಪಾಗಿಯೇ ಉಳಿಯುತ್ತಿತ್ತು.

ಎರಡನೆಯ ದಿನದ ಬೆಳಿಗ್ಗೆ ಡೆನ್ವರ್ ಬಿಟ್ಟ ಮೇಲಿನ ಎರಡು ಗಂಟೆಗಳನ್ನು ಇಡೀ ಪ್ರಯಾಣದ ಅತ್ಯುತ್ತಮ ಭಾಗವೆಂದು ಎಲ್ಲರೂ ಹೇಳುತ್ತಾರೆ. ನೋಡುವುದಕ್ಕೆ ಅದು ನಿಜ. ಬರೆಯುವುದಕ್ಕೆ ನಾನು ಒಪ್ಪಲಾರೆ. ರೈಲು ಬೆಟ್ಟದ ಮೈಮೇಲೆ ತಿರುವುಗಳಲ್ಲಿ ಏರುತ್ತದೆ. ಬಿಗ್ ಟೆನ್ ಎಂಬ ದೊಡ್ಡ ತಿರುವಿನಲ್ಲಿ, ಬಿರುಗಾಳಿಗೆ ಅಡ್ಡವಾಗಲೆಂದು ಮರಳು ತುಂಬಿ ಶಾಶ್ವತವಾಗಿ ನಿಲ್ಲಿಸಿರುವ ಹಳೆಯ ಸರಕು ವ್ಯಾಗನ್ನುಗಳ ಸಾಲು ಕಾಣುತ್ತದೆ. ಅದೊಂದು ಒಳ್ಳೆಯ ಚಿತ್ರ, ತಪ್ಪಿಸಿಕೊಳ್ಳಬಾರದು. ಆದರೆ ಅಲ್ಲಿಂದ ಮುಂದೆ ಸುರಂಗಗಳ ಸಾಲೇ ಶುರುವಾಗುತ್ತದೆ. ಕಣ್ಣು ಬೆಳಕಿಗೆ ಹೊಂದಿಕೊಳ್ಳುವಷ್ಟರಲ್ಲಿ ಕತ್ತಲು, ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಬೆಳಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ಹಳಿಯ 57 ಸುರಂಗಗಳಲ್ಲಿ ಚಿತ್ರ ಬರೆಯಲು ಹೋಗಿ ಸೋತಿದ್ದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ. ಇಲ್ಲಿ ಪೂರ್ಣ ಚಿತ್ರಕ್ಕೆ ಕೈಹಾಕದೆ, ಅಂಚೆಚೀಟಿಯಷ್ಟು ಸಣ್ಣ ಚೌಕಗಳನ್ನು ಪುಟದ ತುಂಬ ಮೊದಲೇ ಗೆರೆ ಎಳೆದಿಟ್ಟುಕೊಂಡು, ಸುರಂಗಕ್ಕೊಂದರಂತೆ ಬೆಳಕು ನೆರಳುಗಳನ್ನಷ್ಟೇ ತುಂಬುವುದು ಮೇಲು.

ಎತ್ತರದಿಂದಾಗಿ ನನಗೆ ಒಂದು ನಷ್ಟವೂ ಆಯಿತು. ಹಿಡಿಕೆಯಲ್ಲೇ ನೀರು ತುಂಬಿಕೊಳ್ಳುವ ಪ್ಲಾಸ್ಟಿಕ್ ಕುಂಚವೊಂದನ್ನು ಈ ಪ್ರಯಾಣಕ್ಕೆಂದೇ ಕೊಂಡಿದ್ದೆ. ತಯಾರಿಸಿದವರ ಹೆಸರು ಇಲ್ಲಿ ಬೇಡ. ಅದಕ್ಕೆ ಡೆನ್ವರ್ ನಿಲ್ದಾಣದಲ್ಲಿ ಅರ್ಧದಷ್ಟು ನೀರು ಹಾಕಿಕೊಂಡಿದ್ದೆ. ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ. ಮೋಫಟ್ ಸುರಂಗದೊಳಗೆ ಹಳಿ 9,239 ಅಡಿಗೆ ಏರುತ್ತದೆ. ರೈಲು ಬೋಗಿಗೆ ವಿಮಾನದಂತೆ ಗಾಳಿಯೊತ್ತಡವನ್ನು ಕಾಯ್ದುಕೊಳ್ಳುವ ಏರ್ಪಾಡು ಇರುವುದಿಲ್ಲ. ಹೊರಗಿನ ಒತ್ತಡ ಇಳಿದಂತೆ ಹಿಡಿಕೆಯೊಳಗೆ ಉಳಿದಿದ್ದ ಗಾಳಿ ಹಿಗ್ಗಿ ನೀರನ್ನು ಮುಂದಕ್ಕೆ ನೂಕಿತು. ಆಗಷ್ಟೇ ಒಣಗಿದ್ದ ಪೈನ್ ಕಾಡಿನ ಮೇಲೆ ಮೂರು ದೊಡ್ಡ ಹನಿಗಳು ಬಿದ್ದವು. ಇಂಕು ತುಂಬುವ ಪೆನ್ನುಗಳಿಗೂ ಇದೇ ಗತಿ. ಹಿಡಿಕೆಯಲ್ಲಿ ಗಾಳಿ ಉಳಿಯದಂತೆ ಪೂರ್ತಿ ತುಂಬಿ, ಏರುವಾಗ ಮೂತಿಯನ್ನು ಮೇಲಕ್ಕೆ ಮಾಡಿ ಹಿಡಿದರೆ ಸೋರುವುದು ಬಹಳ ಕಡಿಮೆಯಾಗುತ್ತದೆ. ನಾನು ಗೆರೆಗಳಿಗೆ ಬಳಸುತ್ತಿದ್ದ ಪಿಗ್ಮಾ ಮೈಕ್ರಾನ್ ಪೆನ್ನಿನ ಮಸಿ ನೀರಿಗೆ ಕರಗುವಂಥದ್ದಲ್ಲವಾದ್ದರಿಂದ ಬಣ್ಣ ಹೋದರೂ ಕಾಡಿನ ಗೆರೆಗಳು ಉಳಿದವು.

ಮೋಫಟ್ ಸುರಂಗದ ಬಗ್ಗೆ ಇನ್ನೊಂದು ಮಾತು. 1928ರಲ್ಲಿ ತೆರೆದ, 6.2 ಮೈಲಿ ಉದ್ದದ ಈ ಸುರಂಗ ಖಂಡದ ನದಿಗಳನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಬೇರ್ಪಡಿಸುವ ಜಲವಿಭಾಜಕದ ಅಡಿಯಲ್ಲಿ ಹಾದುಹೋಗುತ್ತದೆ. ಅದಕ್ಕೂ ಮೊದಲು ರೈಲುಗಳು ಹನ್ನೊಂದು ಸಾವಿರ ಅಡಿಗೂ ಮೇಲಿದ್ದ ರಾಲಿನ್ಸ್ ಕಣಿವೆದಾರಿಯ ಹಿಮವನ್ನು ತೆರವುಗೊಳಿಸುತ್ತಲೇ ದಾಟಬೇಕಿತ್ತು. ಸುರಂಗದೊಳಗೆ ಸುಮಾರು ಹತ್ತು ನಿಮಿಷ. ಹೊಗೆ ಒಳಗೆ ಬಾರದಂತೆ ಬೋಗಿಗಳ ನಡುವಿನ ಬಾಗಿಲುಗಳನ್ನು ತೆರೆಯಬೇಡಿ ಎನ್ನುತ್ತಾರೆ. ಎಲ್ಲರೂ ಕೂತಲ್ಲೇ ಕೂತಿರುತ್ತಾರೆ, ಹೊರಗೆ ಗಾಢ ಕತ್ತಲು, ಒಳಗೆ ದೀಪ. ಆಗ ಅಷ್ಟು ದೊಡ್ಡ ಗಾಜಿನ ಗೋಡೆ ಕನ್ನಡಿಯಾಗುತ್ತದೆ. ಇಡೀ ಬೋಗಿಯ ಜನ, ಕಾಫಿ ಲೋಟ ಹಿಡಿದವರು, ತೂಕಡಿಸುವವರು, ಸುರಂಗಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದ ಒಂದು ಹುಡುಗಿ, ಎಲ್ಲರೂ ಎದುರಿಗೇ ಕೂತಂತೆ ಕಾಣುತ್ತಾರೆ, ಯಾರನ್ನೂ ನೇರವಾಗಿ ದಿಟ್ಟಿಸುವ ಮುಜುಗರವಿಲ್ಲದೆ ಬರೆಯಬಹುದು. ಬೆಟ್ಟಗಳನ್ನೇ ಬರೆಯಬೇಕೆಂದು ಬಂದಿದ್ದ ನನ್ನ ಪುಸ್ತಕದ ಅತ್ಯಂತ ಜೀವಂತ ಪುಟ ಆ ಹತ್ತು ನಿಮಿಷಗಳದ್ದು.

ಪರ್ವತದ ಆಚೆ ಬದಿಯಲ್ಲಿ ಕೊಲೊರಾಡೋ ನದಿ ಸೇರಿಕೊಳ್ಳುತ್ತದೆ, ಮತ್ತೆ 238 ಮೈಲಿ ರೈಲಿನ ಜೊತೆಗೇ ಇರುತ್ತದೆ. ದಾರಿಯಲ್ಲಿ ಬರುವ ಗೋರ್ ಕಮರಿಯೊಳಗೆ ರಸ್ತೆಯೇ ಇಲ್ಲ. ನದಿಯ ತಳದಿಂದ ಎದ್ದ ಬಂಡೆ ಗಾಜಿಗೆ ಒತ್ತಿ ನಿಂತಷ್ಟು ಹತ್ತಿರ. ಮುಂದೆ ಗ್ಲೆನ್‌ವುಡ್ ಕಣಿವೆಯಲ್ಲಿ ಒಂದು ದಡದಲ್ಲಿ ರೈಲು, ಇನ್ನೊಂದು ದಡದಲ್ಲಿ 1992ರಲ್ಲಿ ಪೂರ್ಣಗೊಂಡ ಹೆದ್ದಾರಿ. ಕಂಬಗಳ ಮೇಲೆ ತೇಲಿದಂತೆ ಕಟ್ಟಿರುವ ಆ ರಸ್ತೆ ಕಣಿವೆಯ ಎತ್ತರಕ್ಕೆ ಒಳ್ಳೆಯ ಅಳತೆಗೋಲು: ಅದರ ಮೇಲಿನ ಒಂದು ಲಾರಿಯನ್ನು ಚುಕ್ಕೆಯಷ್ಟು ಬರೆದರೆ ಸಾಕು, ಬಂಡೆಯ ಎತ್ತರ ತಾನಾಗಿಯೇ ತಿಳಿಯುತ್ತದೆ. ಗ್ಲೆನ್‌ವುಡ್ ಸ್ಪ್ರಿಂಗ್ಸ್ ನಿಲ್ದಾಣದಲ್ಲಿ ಬಹಳ ಜನ ಇಳಿದುಹೋಗುತ್ತಾರೆ. ಅಲ್ಲಿಂದ ವೀಕ್ಷಣಾ ಬೋಗಿ ಅರ್ಧ ಖಾಲಿ, ಮತ್ತು ನನ್ನ ಮಟ್ಟಿಗೆ ಚಿತ್ರಕಾರರ ನಿಜವಾದ ಪ್ರಯಾಣ ಶುರುವಾಗುವುದೂ ಅಲ್ಲಿಂದಲೇ.

ಗ್ರ್ಯಾಂಡ್ ಜಂಕ್ಷನ್ ದಾಟಿ, ಸಂಜೆಯ ಬಿಸಿಲು ಓರೆಯಾಗುವ ಹೊತ್ತಿಗೆ ರೈಲು ರೂಬಿ ಕಣಿವೆಯೊಳಗೆ ನುಗ್ಗುತ್ತದೆ. ಕಬ್ಬಿಣದ ಅಂಶದಿಂದ ಕೆಂಪಾದ ಮರಳುಗಲ್ಲು, ಕೆಳಗೆ ಮಣ್ಣು ಬಣ್ಣದ ನದಿ, ಬಂಡೆಯ ಮೇಲೆ ಎರಡು ರಾಜ್ಯಗಳ ಹೆಸರು ಬರೆದು ಗುರುತಿಸಿದ ಕೊಲೊರಾಡೋ, ಯೂಟಾ ಗಡಿ. ಇಲ್ಲಿ ಕೆಂಪು ಬಣ್ಣ ಹಚ್ಚಿದರೆ ಚಿತ್ರ ಸುಳ್ಳಾಗುತ್ತದೆ. ಹಾಗೆ ಎರಡು ಹಾಳೆ ಕೆಡಿಸಿದ ಮೇಲೆ ನನಗೆ ಇದು ತಿಳಿಯಿತು. ಬಿಸಿಲು ಬಿದ್ದ ಮುಖಕ್ಕೆ ಎಲೋ ಓಕರ್ ಎಂಬ ಮಣ್ಣುಹಳದಿಯ ತೆಳುವಾದ ಪದರ, ಅದು ಒಣಗಿದ ಮೇಲೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು, ನೆರಳಿಗೆ ಅದೇ ಸಿಯೆನಾದೊಂದಿಗೆ ಅಲ್ಟ್ರಾಮರೀನ್ ನೀಲಿ. ಯೂಟಾದ ಒಣಹವೆಯಲ್ಲಿ ಒಂದು ಪದರ ಒಣಗಲು ನಿಮಿಷವೂ ಬೇಕಾಗುವುದಿಲ್ಲ. ಊರಿನಲ್ಲಿ ಮಳೆಗಾಲದಲ್ಲಿ ಪುಟ ಒಣಗಲೆಂದು ಅರ್ಧ ಗಂಟೆ ಊದುತ್ತ ಕೂತ ಅಭ್ಯಾಸವಿರುವವರಿಗೆ ಇದು ದೊಡ್ಡ ಉಪಕಾರ. ಆದರೆ ಆಕಾಶವನ್ನು ಒದ್ದೆಯ ಮೇಲೆ ಒದ್ದೆ ಹಚ್ಚಿ ಕರಗಿಸಬೇಕೆಂದರೆ ಅದೇ ಹವೆ ಅಡ್ಡಬರುತ್ತದೆ, ಅಂಚುಗಳು ಗಟ್ಟಿಯಾಗಿ ನಿಂತುಬಿಡುತ್ತವೆ.

ಕಮರಿಯಿಂದ ಹೊರಬಿದ್ದ ಮೇಲೆ ಬಲಗಡೆ ಬುಕ್ ಕ್ಲಿಫ್ಸ್ ಎಂಬ ಬಂಡೆಗೋಡೆ. ಇಡೀ ಪ್ರಯಾಣದಲ್ಲಿ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಸಿಗಲಿಲ್ಲ, ಆದರೆ ಬೋಗಿಯಲ್ಲಿದ್ದ ಹೆಚ್ಚಿನವರು ಆ ಹೊತ್ತಿಗೆ ಊಟಕ್ಕೆ ಎದ್ದು ಹೋಗಿದ್ದರು. ಮೇಲೆ ಗಟ್ಟಿ ಮರಳುಗಲ್ಲಿನ ಟೊಪ್ಪಿಗೆ, ಕೆಳಗೆ ಬೂದು ಜೇಡಿಪದರದ ಇಳಿಜಾರು. ಮಳೆನೀರು ಆ ಇಳಿಜಾರನ್ನು ಕೊರೆದು ಸೀರೆಯ ನೆರಿಗೆಗಳಂತೆ ಮಾಡಿದೆ. ಒಂದು ಗಂಟೆಗೂ ಹೆಚ್ಚು ಹೊತ್ತು ಅದೇ ಆಕಾರ, ಅದೇ ಕ್ರಮ, ಪ್ರತಿ ಮೈಲಿಗೂ ಸ್ವಲ್ಪ ಬೇರೆ. ಬೆಳಕು ಓರೆಯಾದಂತೆ ಒಂದೊಂದು ನೆರಿಗೆಯ ನೆರಳೂ ಉದ್ದವಾಗುತ್ತಿತ್ತು. ಆತುರವೇ ಇಲ್ಲ, ಒಂದು ಗೆರೆ ತಪ್ಪಿದರೆ ಮುಂದಿನ ನೆರಿಗೆ ನೋಡಿ ತಿದ್ದಬಹುದು. ನನ್ನ ಪುಸ್ತಕದಲ್ಲಿ ಅದು ಎರಡು ಪುಟಗಳ ಉದ್ದಕ್ಕೂ ಹರಡಿಕೊಂಡಿದೆ, ಎಡಗಡೆಯ ನೆರಳಿಗೂ ಬಲಗಡೆಯ ನೆರಳಿಗೂ ಒಂದು ಗಂಟೆಯ ವ್ಯತ್ಯಾಸವಿದೆ. ಒಂದೇ ಕಡೆ ನಿಂತು ಬರೆದವರು ಇದನ್ನು ದೋಷವೆನ್ನಬಹುದು, ನಾನು ತಿದ್ದುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ರೀನೋ ದಾಟಿದ ಮೇಲೆ ಟ್ರಕೀ ನದಿಯನ್ನು ಹಿಡಿದು ಸಿಯೆರಾ ನೆವಾಡಾ ಏರುವ ದಾರಿಗೆ ಬಲಗಡೆ ಕೂರಬೇಕು. ಹಳಿ ಸುತ್ತುತ್ತ ಏರಿದಂತೆ ಡಾನರ್ ಸರೋವರ ಕೆಳಗೆ ಬಲಕ್ಕೆ ಕಾಣುತ್ತದೆ. 1846ರ ಚಳಿಗಾಲದಲ್ಲಿ ಹಿಮಕ್ಕೆ ಸಿಕ್ಕಿ ಅನೇಕ ವಲಸೆಗಾರರು ಸತ್ತ ಜಾಗವದು. ಅವರಾದ ಮೇಲೆ ಇಪ್ಪತ್ತೇ ವರ್ಷಗಳಲ್ಲಿ ಸಾವಿರಾರು ಚೀನೀ ಕಾರ್ಮಿಕರು ಇದೇ ಗ್ರಾನೈಟ್ ಕಲ್ಲನ್ನು ಕೈಯುಳಿಗಳಿಂದ ಕೊರೆದು, ಮದ್ದು ಸಿಡಿಸಿ, 1869ರಲ್ಲಿ ಮುಗಿದ ಖಂಡಾಂತರ ರೈಲುಹಾದಿಗೆ ದಾರಿ ಮಾಡಿದರು. ಅವರು ಕೊರೆದ ಹಳೆಯ ಸುರಂಗಗಳನ್ನೂ ಹಿಮದಿಂದ ಕಾಪಾಡಲು ಕಟ್ಟಿದ ಉದ್ದನೆಯ ಮಾಡುಗಳನ್ನೂ ನೋಡಿದಾಗ ಪೆನ್ನು ತಾನಾಗಿಯೇ ನಿಧಾನವಾಯಿತು. ಇಲ್ಲಿ ಬಣ್ಣಕ್ಕೆ ಕೆಲಸ ಕಡಿಮೆ. ಗ್ರಾನೈಟ್ ಕಲ್ಲಿನ ಬಿಳುಪಿಗೂ ಜೂನ್‌ನಲ್ಲೂ ಕರಗದೆ ಉಳಿದ ಹಿಮಕ್ಕೂ ಕಾಗದವನ್ನೇ ಖಾಲಿ ಬಿಟ್ಟು, ಮರಗಳ ಕಪ್ಪನ್ನಷ್ಟೇ ಇಟ್ಟೆ. ಕೋಲ್‌ಫ್ಯಾಕ್ಸ್ ಹತ್ತಿರ ಅಮೆರಿಕನ್ ನದಿಯ ಆಳವಾದ ಕಣಿವೆ ಎಡಕ್ಕೆ ಬರುತ್ತದೆ, ಆಗ ಜಾಗ ಬದಲಿಸಬೇಕು. ಸ್ಯಾಕ್ರಮೆಂಟೋದಿಂದ ಮುಂದಿನದು ಬಯಲು, ಜೌಗು, ಕೊನೆಗೆ ಕೊಲ್ಲಿಯ ನೀರು. ನಾನು ಆ ಹೊತ್ತನ್ನು ಹಿಂದಿನ ಪುಟಗಳಿಗೆ ಊರು, ವೇಳೆ ಬರೆಯುವುದಕ್ಕೆ ಬಳಸಿಕೊಂಡೆ.

ಹೊರಡುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಖಾಸಗಿ ಮಲಗುವ ಕೋಣೆ ಹಿಡಿದರೆ ರಾತ್ರಿಗೆ ಸುಖ, ಆದರೆ ಸಣ್ಣ ಕೋಣೆಯಲ್ಲಿ ಒಂದೇ ಕಡೆಯ ನೋಟ. ಹಗಲು ಹೇಗೂ ವೀಕ್ಷಣಾ ಬೋಗಿಯಲ್ಲೇ ಕಳೆಯುವವರಿಗೆ ಸಾಮಾನ್ಯ ಆಸನವೇ ಸಾಕು, ಕಾಲು ಚಾಚಲು ಅದರಲ್ಲಿ ಧಾರಾಳ ಜಾಗವಿದೆ. ಮಧ್ಯೆ ಇಳಿದು ಬರೆದು ಮುಂದೆ ಹೋಗಬೇಕೆನ್ನುವವರಿಗೆ 30 ದಿನಗಳಲ್ಲಿ 10 ತುಂಡು ಪ್ರಯಾಣ ಮಾಡಬಹುದಾದ ಪಾಸ್ ಇದೆ. ಈ ಹಳಿಗಳ ಬಹುಪಾಲು ಸರಕು ಸಾಗಣೆ ಕಂಪನಿಗಳ ಒಡೆತನದವು. ಎದುರಿನ ಸರಕು ರೈಲಿಗೆ ದಾರಿಬಿಟ್ಟು ನಿಲ್ಲುವ ಹೊತ್ತನ್ನು ಬಣ್ಣ ಹಚ್ಚುವುದಕ್ಕೆಂದೇ ಉಳಿಸಿಟ್ಟುಕೊಳ್ಳಿ, ಮತ್ತು ತಲುಪುವ ದಿನವೇ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ಬೋಗಿಯ ಮೇಜಿನ ಮೇಲೆ ಪುಸ್ತಕವಿಟ್ಟರೆ ಅದರ ನಡುಕವೆಲ್ಲ ಗೆರೆಗೆ ಬರುತ್ತದೆ. ತೊಡೆಯ ಮೇಲೆ ಗಟ್ಟಿ ರಟ್ಟಿಟ್ಟು, ಮಣಿಕಟ್ಟನ್ನು ಕಾಗದಕ್ಕೆ ಊರದೆ ಬರೆದರೆ ಮೈಯೇ ಅರ್ಧ ಕುಲುಕಾಟವನ್ನು ನುಂಗುತ್ತದೆ. ಗಾಢ ಬಣ್ಣದ ಅಂಗಿ ತೊಟ್ಟರೆ ಗಾಜಿನಲ್ಲಿ ನಿಮ್ಮದೇ ಬಿಂಬ ಅಡ್ಡಬರುವುದು ಕಡಿಮೆ.

ಎಮೆರಿವಿಲ್‌ನಿಂದ ಬಸ್ಸು ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ತಂದು ಬಿಟ್ಟಿತು. ಸಂಜೆ ಫೆರಿ ಬಿಲ್ಡಿಂಗ್‌ನ ಎದುರು ಕಲ್ಲುಕಟ್ಟೆಯ ಮೇಲೆ ಕೂತು, 1898ರಿಂದ ಅಲ್ಲಿ ನಿಂತಿರುವ ಗಡಿಯಾರದ ಗೋಪುರವನ್ನು ಪುಸ್ತಕದ ಕೊನೆಯ ಪುಟಕ್ಕೆ ಬರೆಯತೊಡಗಿದೆ. ತುದಿಯನ್ನು ಮೊದಲು, ಆಮೇಲೆ ಕಮಾನುಗಳನ್ನು ಒಂದೇ ನೋಟದಲ್ಲಿ, ಬುಡವನ್ನು ಒಂದು ಎಳೆತದಲ್ಲಿ. ನಾಲ್ಕೇ ನಿಮಿಷದಲ್ಲಿ ಮುಗಿದಿತ್ತು. ತಲೆ ಎತ್ತಿ ನೋಡಿದರೆ ಗೋಪುರ ಅಲ್ಲೇ ಇತ್ತು. ಇನ್ನೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ.